ನನ್ನ ಷಡ್ಡಕ ಹುಡುಕಿದ ಊರು

ನನ್ನ ಮಾವನವರಿಗೆ ಇಬ್ಬರು ಅಳಿಯಂದಿರು. ಒಬ್ಬ ಕಾಗದ ಕಾಯುವವನು, ಇನ್ನೊಬ್ಬ ಕಾಗದ ಕೊಳ್ಳುವವನು. ಕೊಳ್ಳುವವನು ನಾನು, ದೊಡ್ಡಳಿಯ. ಪೇಟೆಬೀದಿಯ ಕೊನೆಯಲ್ಲಿ ನನ್ನ ರದ್ದಿ ಅಂಗಡಿ ಇದೆ. ಪ್ರೇಮಪತ್ರವಾಗಲಿ, ಕೋರ್ಟಿನ ತೀರ್ಪಾಗಲಿ, ಪರೀಕ್ಷೆಯ ಉತ್ತರಪತ್ರಿಕೆಯಾಗಲಿ, ಬರೆದದ್ದೆಲ್ಲ ಒಂದಲ್ಲ ಒಂದು ದಿನ ನನ್ನ ತಕ್ಕಡಿಗೆ ಬರಲೇಬೇಕು ಎಂಬುದು ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಕಂಡುಕೊಂಡ ಸತ್ಯ.

ಕಾಯುವವನು ನನ್ನ ಷಡ್ಡಕ, ನನ್ನ ಹೆಂಡತಿಯ ತಂಗಿಯ ಗಂಡ. ಭೂಮಾಪನ ಕಚೇರಿಯ ನೆಲಮಾಳಿಗೆಯಲ್ಲಿ ಒಂದು ಕೋಣೆ ಇದೆ. ಅದರಲ್ಲಿ ವಿಮಾನದಿಂದ ತೆಗೆದ ಹನ್ನೊಂದು ಸಾವಿರದ ನಾನೂರು ಫೋಟೊಗಳಿವೆ, ಒಂದು ಕುರ್ಚಿ ಇದೆ, ಕುರ್ಚಿಯಲ್ಲಿ ಇವನಿದ್ದಾನೆ. ಸುತ್ತಲಿನ ಹೊಲ, ರಸ್ತೆ, ಹಳ್ಳಗಳನ್ನು ಅಳೆಯುವುದಕ್ಕೆಂದು ಒಂದು ಕಾಲದಲ್ಲಿ ತೆಗೆಸಿದ ಫೋಟೊಗಳು ಅವು. ಅಳೆದು ಮುಗಿದ ಮೇಲೆ ಅವನ್ನು ಕೇಳಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಯಾರೂ ಕೇಳದ ವಸ್ತುವನ್ನು ಹದಿನೆಂಟು ವರ್ಷ ಒರೆಸಿ, ಎಣಿಸಿ, ಜೋಡಿಸಿ ಇಟ್ಟವನು ಇವನು. ಕುತ್ತಿಗೆಗೆ ದಾರ ಕಟ್ಟಿ ಭೂತಗನ್ನಡಿಯೊಂದನ್ನು ನೇತುಹಾಕಿಕೊಂಡಿರುತ್ತಾನೆ, ಊಟಕ್ಕೆ ಕೂತರೂ ತೆಗೆಯುವುದಿಲ್ಲ. ಹಾಗಾಗಿ ಊರಿಗೆಲ್ಲ ಅವನು ‘ಭೂತಗನ್ನಡಿ’.

ಮನುಷ್ಯ ಒಳ್ಳೆಯವನು. ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸುವುದೊಂದೇ ಅವನ ದೋಷ. ಒಮ್ಮೆ ಕಚೇರಿಯವರು ಫೋಟೊ ಇಡಲು ರಟ್ಟಿನ ಪೆಟ್ಟಿಗೆ ತರಿಸಿದರು. ಬಂದ ಪೆಟ್ಟಿಗೆಗಳು ಫೋಟೊಗಿಂತ ಒಂದು ಅಂಗುಲ ಚಿಕ್ಕವು. ಬೇರೆ ಯಾರೇ ಆಗಿದ್ದರೂ ಪೆಟ್ಟಿಗೆ ವಾಪಸು ಕಳಿಸುತ್ತಿದ್ದರು. ಇವನು ಕತ್ತರಿ ತೆಗೆದುಕೊಂಡು ಫೋಟೊಗಳ ಅಂಚು ಕತ್ತರಿಸಿದ. ಆ ಅಂಚಿನಲ್ಲೇ ಫೋಟೊದ ನಂಬರು, ದಿಕ್ಕಿನ ಗುರುತು ಎಲ್ಲ ಅಚ್ಚಾಗಿರುತ್ತದಂತೆ. ಒಂದಿಡೀ ವರ್ಷದ ಫೋಟೊಗಳು ಬೋಳಾಗುವ ಹೊತ್ತಿಗೆ ಮೇಲಿನವರು ಯಾರೋ ನೋಡಿ ಬೊಬ್ಬೆ ಹಾಕಿದ್ದರಿಂದ ಮಿಕ್ಕವು ಬಚಾವಾದವು. “ಹಿಂದುಗಡೆ ಪೆನ್ಸಿಲಲ್ಲಿ ಬರೆದಿದ್ದೀನಲ್ಲ ಸಾರ್” ಎಂದನಂತೆ ಇವನು.

ಪ್ರತಿ ಭಾನುವಾರ ಇಬ್ಬರು ಅಳಿಯಂದಿರಿಗೂ ಮಾವನ ಮನೆಯಲ್ಲಿ ಊಟ. ಅಂಥದೊಂದು ಭಾನುವಾರ ನಾನು ಬಾಯಿ ಬಿಟ್ಟೆ.

“ಬರೋ ಸೋಮವಾರ ನಿನ್ನ ಆಫೀಸಿಗೆ ನನ್ನ ಲಾರಿ ಬರುತ್ತೆ ಕಣಪ್ಪ. ಆ ಫೋಟೊ ಎಲ್ಲ ವಿಲೇವಾರಿಗೆ ಹಾಕಿದಾರೆ. ಟೆಂಡರು ನನಗೆ ಸಿಕ್ತು” ಎಂದೆ.

ಅವನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆಜ್ಞೆ ಬಂದದ್ದು ಅವನಿಗೆ ಗೊತ್ತಿತ್ತು. ಹಳೆಯ ಫೋಟೊಗಳನ್ನು ಅರೆದು ಹಿಟ್ಟು ಮಾಡತಕ್ಕದ್ದು, ಕೋಣೆ ಖಾಲಿ ಮಾಡತಕ್ಕದ್ದು, ಗುಮಾಸ್ತನನ್ನು ಜನನ ಮರಣ ವಿಭಾಗಕ್ಕೆ ಕಳಿಸತಕ್ಕದ್ದು ಎಂದು ಅದರಲ್ಲಿತ್ತು. ಅರೆಯಲು ಒಯ್ಯುವವನು ನಾನು ಎಂಬುದು ಮಾತ್ರ ಅವನಿಗೆ ಆಗಲೇ ಗೊತ್ತಾದದ್ದು.

“ಅಣ್ಣಾ, ನೀವಾ?”

“ನಾನಲ್ಲದಿದ್ರೆ ಇನ್ನೊಬ್ಬ. ವ್ಯಾಪಾರ ಕಣೋ.”

“ಆಗಲ್ಲ ಅಣ್ಣಾ. ಅದರಲ್ಲಿ... ಅದರಲ್ಲಿ ಒಂದು ಊರಿದೆ!”

ಎಲ್ಲರೂ ತಲೆ ಎತ್ತಿದರು. ಮಾವನವರು ಲೋಟ ಕೆಳಗಿಟ್ಟರು. “ಊರಾ? ಯಾವೂರ್ರೀ ಅಳಿಯಂದಿರೇ?”

“ಎರಡು ಸಾವಿರ ವರ್ಷದ್ದು ಮಾವ. ಮಣ್ಣಡಿ ಇದೆ. ಫೋಟೊದಲ್ಲಿ ಕಾಣುತ್ತೆ.”

“ಮಣ್ಣಡಿ ಇರೋದು ನೆಲದ ಮೇಲೆ ನಿಂತ ನಮಗೇ ಕಾಣಲ್ಲ. ಆಕಾಶದಲ್ಲಿ ಹೋಗೋ ವಿಮಾನಕ್ಕೆ ಕಾಣುತ್ತಾ?”

ಆಗ ಅವನು ಹೇಳಿದ್ದನ್ನು ನಾನು ಒಪ್ಪಲೇಬೇಕು, ಚೆನ್ನಾಗಿಯೇ ಹೇಳಿದ. ಹಳೆಯ ಕಾಲದವರು ಊರಿನ ಸುತ್ತ ಕಂದಕ ತೋಡುತ್ತಿದ್ದರಂತೆ. ಊರು ಹಾಳಾದ ಮೇಲೆ ಕಂದಕದಲ್ಲಿ ಒಳ್ಳೆಯ ಮಣ್ಣು ತುಂಬಿಕೊಂಡು ನೆಲ ಸಮವಾಗುತ್ತದೆ, ಮೇಲೆ ಹೊಲವಾಗುತ್ತದೆ. ಆದರೆ ಆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಕೈಕೊಟ್ಟ ವರ್ಷ ಹೊಲವೆಲ್ಲ ಒಣಗಿ ಹಳದಿಯಾದರೂ ಕಂದಕದ ಮೇಲಿನ ಪೈರು ಮಾತ್ರ ಎತ್ತರಕ್ಕೆ, ಹಸಿರಾಗಿ ನಿಲ್ಲುತ್ತದೆ. ಕೆಳಗೆ ಕಲ್ಲಿನ ಗೋಡೆ ಇದ್ದರೆ ಅದರ ಮೇಲಿನ ಪೈರು ಎಲ್ಲಕ್ಕಿಂತ ಮೊದಲೇ ಸೊರಗುತ್ತದೆ. ನೆಲದ ಮೇಲೆ ನಿಂತವನಿಗೆ ಅದು ಬರೀ ಗೋಧಿ. ಮೇಲಿಂದ ನೋಡಿದರೆ ಊರಿನ ನಕ್ಷೆಯೇ ಬರೆದಿಟ್ಟ ಹಾಗೆ ಕಾಣುತ್ತದೆ.

“ಎಲ್ಲಿದೆ ತೋರಿಸು ನೋಡೋಣ” ಎಂದೆ ನಾನು.

“ನಾಲ್ಕು ದಿನ ಕೊಡಿ” ಎಂದ. ಅಲ್ಲಿಗೆ ನನಗೆ ಅರ್ಥವಾಯಿತು. ಯಾವಾಗಲೋ ಕಚೇರಿಗೆ ಬಂದ ತಜ್ಞರೊಬ್ಬರ ಭಾಷಣ ಇವನ ತಲೆಯಲ್ಲಿ ಉಳಿದಿತ್ತು, ಅಷ್ಟೇ. ಊರು ಗೀರು ಏನನ್ನೂ ಅವನು ಕಂಡಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮಾತಿಗೆ ತಕ್ಕ ಊರೊಂದನ್ನು ಈಗ ಅವನು ಗುರುವಾರದೊಳಗೆ ಹುಡುಕಬೇಕಾಗಿತ್ತು.

ಮಂಗಳವಾರ ನಾನು ಸಾಮಾನು ಎಷ್ಟು ಲಾರಿ ಆಗುತ್ತದೆ ಎಂದು ಅಂದಾಜು ಮಾಡಲು ಆ ಕೋಣೆಗೆ ಹೋದೆ. ಮೇಜು, ನೆಲ, ಕಿಟಕಿಯ ಕಟ್ಟೆ, ಬೀರುವಿನ ತಲೆ, ಎಲ್ಲೆಲ್ಲೂ ಫೋಟೊ. ಇಪ್ಪತ್ತು ವರ್ಷದ ಹಿಂದೆ ಮಳೆ ಬರದ ಬೇಸಿಗೆಯೊಂದರಲ್ಲಿ ತೆಗೆದ ಫೋಟೊಗಳನ್ನೆಲ್ಲ ಹರಡಿಕೊಂಡು ಭೂತಗನ್ನಡಿ ನೆಲದ ಮೇಲೆ ಮಂಡಿಯೂರಿದ್ದ. ಅಂಚು ಕತ್ತರಿಸಿದ್ದೂ ಅದೇ ವರ್ಷದವನ್ನೇ. ಅವನ ಅದೃಷ್ಟ ಯಾವಾಗಲೂ ಹಾಗೆಯೇ.

“ಸಿಕ್ತಾ?”

“ಬೆಳಿಗ್ಗೆ ಒಂದು ಸಿಕ್ಕಿತ್ತು ಅಣ್ಣಾ. ಚೊಕ್ಕ ಉಂಗುರ. ಆಮೇಲೆ ನೋಡಿದ್ರೆ ನಡುಮಧ್ಯೆ ಒಂದು ಮೇಕೆ ನಿಂತಿದೆ. ಗೂಟಕ್ಕೆ ಕಟ್ಟಿದಾರೆ. ಹಗ್ಗ ಎಟುಕಿದಷ್ಟು ದೂರ ಸುತ್ತಲೂ ಮೇದುಬಿಟ್ಟಿದೆ.”

“ಎರಡು ಸಾವಿರ ವರ್ಷದ ಮೇಕೆ ಇರಬೇಕು, ಸರಿಯಾಗಿ ನೋಡು.”

“ಮಧ್ಯಾಹ್ನ ಇನ್ನೊಂದು ಸಿಕ್ತು. ಸುತ್ತಿನೊಳಗೆ ಸುತ್ತು, ಸುತ್ತಿನೊಳಗೆ ಸುತ್ತು, ಏಳು ಕೋಟೆ! ಅದು ನನ್ನ ಹೆಬ್ಬೆಟ್ಟಿನ ಗುರುತು.” ಹೀಗೆಂದು ನಿಟ್ಟುಸಿರು ಬಿಟ್ಟು ಮುಂದಿನ ಫೋಟೊ ಎತ್ತಿಕೊಂಡ. ನನಗೆ ನಗು ಬಂತು, ನಕ್ಕೆ. ಅವನ ಮುಖ ನೋಡಿ ಬೇಗ ನಿಲ್ಲಿಸಿದೆ.

ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಿದ್ದ ಹಾಗೆ ಓಡಿ ಬಂದ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲಲ್ಲಿ ಶೂ.

“ಅಣ್ಣಾ, ನೋಡಿ!”

ನೋಡಿದೆ. ಕಪ್ಪು ಬಿಳುಪು ಫೋಟೊ. ನಡುವೆ ಉದ್ದಕ್ಕೆ ನೆಟ್ಟಗೆ ಒಂದು ರಸ್ತೆ. ರಸ್ತೆಯ ಮಧ್ಯದಲ್ಲಿ ನೀರಿನ ಟ್ಯಾಂಕು. ಟ್ಯಾಂಕಿನ ಆ ಕಡೆ ಒಂದು ಮನೆ, ಈ ಕಡೆ ಒಂದು ಮನೆ, ಎರಡರ ಹಿಂದೆಯೂ ಹೊಲ. ಬಲಗಡೆಯ ಹೊಲದಲ್ಲಿ ಎರಡು ದಪ್ಪ ಉಂಗುರಗಳು, ಒಂದರೊಳಗೆ ಒಂದು. ಒಂದು ಕಡೆ ಬಾಗಿಲಿಗೆ ಬಿಟ್ಟ ಹಾಗೆ ಉಂಗುರ ತುಂಡಾಗಿತ್ತು. ಒಳಗೆ ಕಡಲೆಕಾಳಿನಷ್ಟು ಏಳೆಂಟು ಪುಟ್ಟ ಉಂಗುರಗಳು, ಅವು ಮನೆಗಳಂತೆ. ಮೇಕೆ ಇದೆಯೇ ಎಂದು ನಾನೇ ಹುಡುಕಿದೆ. ಇರಲಿಲ್ಲ.

“ಇದು ನಮ್ಮ ಮಾವನ ಮನೆ ರಸ್ತೆ ಅಲ್ವೇನೋ?”

“ಹೂಂ ಅಣ್ಣಾ. ಊರು ಪೂರ್ವದ ಕಡೆ ಇದೆ. ಎದುರುಮನೆ ಹೆಡ್‌ಮಾಸ್ತರ ಹೊಲ!”

ಇಲ್ಲಿ ಎರಡು ಮಾತು ಹೇಳಬೇಕು. ನಮ್ಮ ಮಾವನವರಿಗೂ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರಿಗೂ ಮೂವತ್ತು ವರ್ಷದಿಂದ ಮಾತಿಲ್ಲ. ಕಾರಣ ಆ ಟ್ಯಾಂಕು. ಅದನ್ನು ಕಟ್ಟುವಾಗ ಇವರು ಅವರ ಕಡೆ ಕಟ್ಟಿ ಎಂದರು, ಅವರು ಇವರ ಕಡೆ ಕಟ್ಟಿ ಎಂದರು. ಎಂಜಿನಿಯರು ಬೇಸತ್ತು ರಸ್ತೆಯ ನಟ್ಟನಡುವೆ ಕಟ್ಟಿ ಹೋದ. ಅಂದಿನಿಂದ ಇಬ್ಬರೂ ಟ್ಯಾಂಕಿನ ಮರೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಸುಖವಾಗಿದ್ದರು.

ಭೂತಗನ್ನಡಿ ಫೋಟೊ ಹಿಡಿದುಕೊಂಡು ಪುರಾತತ್ವ ಇಲಾಖೆಗೆ ಓಡಿದ. ಅಲ್ಲಿನ ಅಧಿಕಾರಿ ಒಬ್ಬ ಮೇಡಂ, ತೆಳ್ಳಗೆ, ತಲೆಗೆ ಬಿಸಿಲಿನ ಟೋಪಿ, ಮಾತು ಅಳೆದು ತೂಗಿ. ಫೋಟೊವನ್ನು ಎರಡು ನಿಮಿಷ ನೋಡಿದವರು ಕುರ್ಚಿಯಿಂದ ಎದ್ದೇಬಿಟ್ಟರಂತೆ. “ಜೋಡಿ ಕಂದಕ. ಇದು ದ್ವಾರ. ಇವು ಗುಡಿಸಲು. ಇಂಥದ್ದು ಈ ಕಡೆ ಎಲ್ಲೂ ಸಿಕ್ಕಿಲ್ಲ ಕಣ್ರೀ!”

ಮೇಡಂ ನೇರವಾಗಿ ಭೂಮಾಪನ ಕಚೇರಿಯ ದೊಡ್ಡ ಸಾಹೇಬರ ಬಳಿ ಬಂದರು. ಸಾಹೇಬರು ಫೋಟೊವನ್ನು ತಲೆಕೆಳಗು ಹಿಡಿದು ನೋಡಿ, “ಏನೋ ದುಂಡಗಿದೆ” ಎಂದು ಒಪ್ಪಿದರು. “ಆದರೆ ಆಜ್ಞೆ ಆಜ್ಞೆಯೇ. ಶುಕ್ರವಾರ, ಶನಿವಾರ ಅಗೆದು ನೋಡಿ. ಏನಾದರೂ ಸಿಕ್ಕರೆ ಫೋಟೊಗಳು ಉಳಿದವು. ಸಿಗದಿದ್ದರೆ ಸೋಮವಾರ ಲಾರಿ” ಎಂದರು. ಅಲ್ಲಿಗೆ ಹನ್ನೊಂದು ಸಾವಿರದ ನಾನೂರು ಫೋಟೊಗಳ ಜುಟ್ಟು ಹೆಡ್‌ಮಾಸ್ತರರ ಹೊಲದ ಕೈಗೆ ಸಿಕ್ಕಿತು.

ಹೆಡ್‌ಮಾಸ್ತರರಿಗೆ ಸುದ್ದಿ ಮುಟ್ಟಿದ್ದೇ ತಡ, ಅವರ ನಡಿಗೆ ಬದಲಾಯಿತು. ಮೊದಲು ಬಗ್ಗಿ ನಡೆಯುತ್ತಿದ್ದವರು ಈಗ ಎದೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿ ನಡೆಯತೊಡಗಿದರು. ಶುಕ್ರವಾರ ಬೆಳಿಗ್ಗೆ ಕೋಟು ಹಾಕಿಕೊಂಡು ಹೊಲದ ಬದುವಿನ ಮೇಲೆ ಕುರ್ಚಿ ಹಾಕಿಸಿದರು. ನೋಡಲು ಬಂದವರಿಗೆ ಒಂದು ಬೆಂಚೂ ಹಾಕಿಸಿದರು. “ಈ ಮಣ್ಣಲ್ಲಿ ಏನೋ ಇದೆ ಅಂತ ನನಗೆ ಚಿಕ್ಕಂದಿನಿಂದ ಅನಿಸ್ತಿತ್ತು” ಎಂದು ಮೊದಲು ಬಂದವರಿಗೆ ಹೇಳಿದರು. ಹತ್ತು ಗಂಟೆಯ ಹೊತ್ತಿಗೆ ಅದು, “ನಮ್ಮ ಮನೆತನಕ್ಕೂ ಆಳೋದಕ್ಕೂ ಮೊದಲಿಂದ ನಂಟು” ಎಂದಾಯಿತು. ಊಟದ ಹೊತ್ತಿಗೆ ಕೆಳಗಿರುವುದು ಅವರ ಮುತ್ತಾತನ ಮುತ್ತಾತನ ಅರಮನೆ ಎಂದು ಖಚಿತವಾಗಿ, ಸಿಂಹಾಸನ ಯಾವ ದಿಕ್ಕಿಗಿದ್ದಿರಬಹುದು ಎಂಬುದೊಂದೇ ಚರ್ಚೆಗೆ ಉಳಿದಿತ್ತು.

ಇತ್ತ ನಮ್ಮ ಮಾವನವರು ಮನೆಯ ಮುಂಬಾಗಿಲು ಹಾಕಿಸಿ ಕೂತರು.

“ಎರಡು ಸಾವಿರ ವರ್ಷದ ಹಿಂದಿನವರಿಗೂ ಬುದ್ಧಿ ಇರಲಿಲ್ಲ ನೋಡಿ ಅಳಿಯಂದಿರೇ. ಇಷ್ಟು ಅಗಲದ ಭೂಮಿ ಬಿಟ್ಟು ಹೋಗಿ ಹೋಗಿ ಅವನ ಹೊಲದಲ್ಲಿ ಊರು ಕಟ್ಟಿದಾರೆ.”

“ಆಗ ಅವರು ಇರಲಿಲ್ಲವಲ್ಲ ಮಾವ” ಎಂದೆ.

“ಇರ್ತಾನೆ ಅಂತ ಗೊತ್ತಾಗಬೇಕಿತ್ತು!”

ಅತ್ತೆಗೆ ಇದಾವುದೂ ಹತ್ತಲಿಲ್ಲ. ಕಿಟಕಿಯಿಂದ ಇಣುಕಿ, “ಪಾಪ, ಆ ಹೆಣ್ಣುಮಗಳು ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದಾಳೆ. ಯಾರಾದ್ರೂ ಒಂದು ಲೋಟ ನೀರು ಕೊಟ್ರಾ?” ಎಂದಷ್ಟೇ ಕೇಳಿದರು.

ಅಗೆತ ನಡೆಯಿತು. ಮೇಡಂ ಟ್ಯಾಂಕಿನಿಂದ ಟೇಪು ಹಿಡಿದು ಪೂರ್ವಕ್ಕೆ ಅಳೆಸಿ, ಉಂಗುರ ಹಾದುಹೋಗುವ ಜಾಗಕ್ಕೆ ಅಡ್ಡಲಾಗಿ ಉದ್ದನೆಯ ಗುಂಡಿ ತೋಡಿಸಿದರು. ಭೂತಗನ್ನಡಿ ಗುಂಡಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಹೊರಬಂದ ಒಂದೊಂದು ಹೆಂಟೆಯನ್ನೂ ಪುಡಿಮಾಡಿ ನೋಡಿದ. ಮೊದಲ ದಿನ ಬೇರು ಸಿಕ್ಕಿತು. ಎರಡನೆಯ ದಿನ ಬೆಳಿಗ್ಗೆ ಗುಂಡಿ ಅಗಲಿಸುವಾಗ ಮೇಲ್ಮಣ್ಣಲ್ಲೇ ಠಣ್ ಎಂದು ಸದ್ದಾಯಿತು. ಹೆಡ್‌ಮಾಸ್ತರರು “ಕಿರೀಟ!” ಎಂದು ಕುರ್ಚಿಯಿಂದ ಹಾರಿದರು. ಅದು ಸೈಕಲ್ಲಿನ ಗಂಟೆ. ಅವರೇ ಮೇಷ್ಟರಾಗಿದ್ದಾಗ ಕಳೆದುಕೊಂಡದ್ದು, ಶಾಲೆಯ ಜವಾನ ಕದ್ದನೆಂದು ಹನ್ನೆರಡು ವರ್ಷ ಬೈದದ್ದು. ಆ ಜವಾನ ಬೆಂಚಿನ ಮೇಲೆಯೇ ಕೂತಿದ್ದ, ಈಗ ಮುದುಕ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ, “ನೋಡಿದ್ರಾ ಸ್ವಾಮಿ?” ಎಂದ. ಹೆಡ್‌ಮಾಸ್ತರರು ಕೋಟು ಬಿಚ್ಚಿದರು.

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ಇಲ್ಲಿ ಇಲಿಯೂ ಇರಲಿಲ್ಲ. ಶನಿವಾರ ಸಂಜೆ ಆಳೆತ್ತರದ ಗುಂಡಿಯಲ್ಲಿ ನಿಂತು ಮೇಡಂ ಮೇಲಕ್ಕೆ ನೋಡಿದರು.

“ನೀವು ತೋರಿಸಿದ ಜಾಗ ಸರಿ ತಾನೆ?”

“ಸರಿ ಮೇಡಂ. ಟ್ಯಾಂಕಿನಿಂದ ಮುನ್ನೂರ ನಲವತ್ತು ಹೆಜ್ಜೆ, ಪೂರ್ವಕ್ಕೆ.”

“ಇದು ಮುಟ್ಟದ ಮಣ್ಣು. ಇಷ್ಟು ಆಳಕ್ಕೆ ಮನುಷ್ಯರು ಗುದ್ದಲಿ ಹಾಕಿದ್ದು ಇದೇ ಮೊದಲು.”

ಜನ ಅಷ್ಟಕ್ಕೇ ಬಿಡುತ್ತಾರೆಯೇ? ಒಬ್ಬ, “ಭೂತಗನ್ನಡಿಯಲ್ಲಿ ನೋಡಿದ್ರೆ ಭೂತವೇ ಕಾಣೋದು” ಎಂದ. ಇನ್ನೊಬ್ಬ, “ಗುಂಡಿ ಚೆನ್ನಾಗಿ ತೋಡಿದಾರೆ, ಬಾವಿ ಮಾಡ್ಕೊಳ್ಳಿ ಮೇಷ್ಟ್ರೇ” ಎಂದ. ಸಾಹೇಬರು ಜೀಪಿನಿಂದ ಇಳಿಯದೆಯೇ, “ಸೋಮವಾರ” ಎಂದು ನನಗೆ ಬೆರಳು ತೋರಿಸಿ ಹೋದರು. ಭೂತಗನ್ನಡಿ ಟೇಪು ಸುತ್ತಿ ಮೇಡಂ ಕೈಗೆ ಕೊಟ್ಟು, ಮಂಡಿಯ ಮಣ್ಣನ್ನೂ ಕೊಡವಿಕೊಳ್ಳದೆ ಮನೆಗೆ ನಡೆದ. ನಾನು ಟೆಂಡರು ಗೆದ್ದವನು, ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನನ್ನ ಮೇಲೆಯೇ ಸಿಟ್ಟು ಬಂತು, ಯಾಕೆ ಬಂತೆಂದು ತಿಳಿಯದೆ ಇನ್ನಷ್ಟು ಸಿಟ್ಟು ಬಂತು.

ಭಾನುವಾರ ಊಟಕ್ಕೆ ಅವನು ಬರುವುದಿಲ್ಲ ಎಂದುಕೊಂಡಿದ್ದೆ. ಅವನ ಹೆಂಡತಿ ಕೈಹಿಡಿದು ಎಳೆದುಕೊಂಡೇ ಬಂದಳು. ಅತ್ತೆ ಪುರಾತತ್ವದ ಮೇಡಂ ಅವರನ್ನೂ ಕರೆಸಿದ್ದರು. “ಎರಡು ದಿನ ನಮ್ಮನೆ ಮುಂದೆ ಬಿಸಿಲು ಕುಡಿದವಳು, ಹಸಿದುಕೊಂಡು ಊರು ಬಿಡೋದು ಬೇಡ” ಎಂಬುದು ಅವರ ವಾದ. ನನ್ನ ಲಾರಿ, ಸಾಮಾನು ತುಂಬುವ ಆರು ಜನ ಆಳುಗಳ ಸಮೇತ, ಮರುದಿನ ಕಚೇರಿಗೆ ಹೋಗಲೆಂದು ಒಂದು ದಿನ ಮುಂಚೆಯೇ ಬಂದು ಮಾವನ ಮನೆಯ ಮುಂದೆ ನಿಂತಿತ್ತು. ಎಲ್ಲರೂ ಅದನ್ನು ನೋಡದ ಹಾಗೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದರು.

ಮೇಡಂ ವಾಪಸು ಕೊಡಲೆಂದು ತಂದ ಆ ಫೋಟೊ ಮೇಜಿನ ಮೇಲೆ ಬಿದ್ದಿತ್ತು. ತಟ್ಟೆ ಇಡಲು ಅದನ್ನು ಎತ್ತಿದ ಅತ್ತೆ, ಕನ್ನಡಕ ಹಾಕಿಕೊಂಡು ನೋಡಿದರು. ಇಷ್ಟು ಗಲಾಟೆಯಲ್ಲಿ ಅವರು ಅದನ್ನು ನೋಡಿದ್ದು ಅದೇ ಮೊದಲು. ತೋರಿಸಬೇಕೆಂದು ಯಾರಿಗೂ ಹೊಳೆದಿರಲೇ ಇಲ್ಲ.

“ಇದನ್ನ ಬೆಳಿಗ್ಗೆ ತೆಗೆದದ್ದೋ, ಸಾಯಂಕಾಲಾನೋ?”

“ಬೆಳಿಗ್ಗೆ ಅತ್ತೆ” ಎಂದ ಭೂತಗನ್ನಡಿ, ತಲೆ ಎತ್ತದೆ. “ವಿಮಾನ ಹಾರೋದು ಎಂಟರಿಂದ ಒಂಬತ್ತೂವರೆ ಒಳಗೆ. ಆಮೇಲೆ ಧೂಳು, ಮಬ್ಬು, ಏನೂ ಕಾಣಲ್ಲ.”

“ಹಾಗಾದ್ರೆ ಇದು ನಮ್ಮನೆ” ಎಂದು ಬಲಗಡೆಯ ಮನೆಯ ಮೇಲೆ ಬೆರಳಿಟ್ಟರು.

“ಅಲ್ಲ ಅತ್ತೆ, ಅದು ಹೆಡ್‌ಮಾಸ್ತರ ಮನೆ. ಬಲಗಡೆ ಅಂದ್ರೆ ಪೂರ್ವ.”

“ಏನ್ ಮಾತು ಆಡ್ತೀರಿ! ಟ್ಯಾಂಕಿನ ನೆರಳು ಯಾವ ಮನೆ ಮೇಲೆ ಬಿದ್ದಿದೆ ನೋಡಿ. ಈ ಹಾಳು ನೆರಳಿಗೆ ಮೂವತ್ತು ವರ್ಷದಿಂದ ಬೆಳಿಗ್ಗೆ ಒಗೆದು ಹಾಕಿದ ಬಟ್ಟೆ ಹತ್ತು ಗಂಟೆಯಾದರೂ ಒಣಗಲ್ಲ ನನಗೆ. ಅವರ ಮನೆ ಮೇಲೆ ಬೀಳೋದು ಸಾಯಂಕಾಲ. ಬೆಳಿಗ್ಗೆ ಹೊತ್ತು ನೆರಳು ಪೂರ್ವಕ್ಕೆ ಬಿದ್ದಿದೆ ಅಂದ್ರೆ, ನಿಮ್ಮ ಆಫೀಸಲ್ಲಿ ಸೂರ್ಯ ಪಶ್ಚಿಮದಲ್ಲಿ ಹುಟ್ತಾನಾ?”

ಮೇಡಂ ಕೈಯಲ್ಲಿದ್ದ ಲೋಟ ನಿಧಾನವಾಗಿ ಕೆಳಗಿಳಿಯಿತು. ಭೂತಗನ್ನಡಿ ಎದ್ದು ನಿಂತ, ಕೂತ, ಮತ್ತೆ ಎದ್ದ.

“ಫಿಲ್ಮು... ಫಿಲ್ಮನ್ನ ಬೋರಲು ಇಟ್ಟು ಅಚ್ಚು ಹಾಕಿದಾರೆ!” ಎಂದು ಕಿರುಚಿದ. “ಎಡ ಬಲವಾಗಿದೆ, ಬಲ ಎಡವಾಗಿದೆ! ಅಂಚು ಇದ್ದಿದ್ರೆ ನಂಬರು ತಿರುವುಮುರುವಾಗಿ ಕಾಣ್ತಿತ್ತು, ಅಂಚು...” ಎಂದು ನಿಲ್ಲಿಸಿದ. ಮುಖ ಸಪ್ಪಗಾಯಿತು. “ಅಂಚು ನಾನೇ ಕತ್ತರಿಸಿದ್ದು.”

“ಮೊದಲು ನೆರಳು ನೋಡಬೇಕು ಅಂತ ಪ್ರತಿ ವರ್ಷ ಪಾಠ ಮಾಡ್ತೀನಿ ನಾನು” ಎಂದು ಮೇಡಂ ಹಣೆ ಚಚ್ಚಿಕೊಂಡರು. “ಊರು ಪಶ್ಚಿಮಕ್ಕಿದೆ!”

ಪಶ್ಚಿಮಕ್ಕೆ ಏನಿದೆ? ನಾವು ಕೂತಿದ್ದ ಮನೆ ಇದೆ. ಮನೆಯ ಹಿಂದೆ ನಮ್ಮ ಮಾವನವರ, ಹೋದ ವಾರವಷ್ಟೇ ಕೊಯ್ಲಾದ ಹೊಲ ಇದೆ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆವು.

ಮಾವನವರು ನಿಧಾನವಾಗಿ ಎದ್ದರು. ಎರಡು ದಿನದಿಂದ ಹಾಕಿಸಿದ್ದ ಮುಂಬಾಗಿಲನ್ನು ತಾವೇ ತೆರೆದು, ಹೊಸಿಲ ಮೇಲೆ ನಿಂತು, ಮೂವತ್ತು ವರ್ಷದಲ್ಲಿ ಮೊದಲ ಸಲ ಎದುರುಮನೆಯತ್ತ ಕೂಗಿದರು. “ಮೇಷ್ಟ್ರೇ! ಆ ಬೆಂಚು ಸ್ವಲ್ಪ ಈ ಕಡೆ ಕಳಿಸಿಕೊಡ್ತೀರಾ?”

ಆದರೆ ಅಗೆಯುವವರು ಯಾರು? ಮೇಡಂ ಅವರ ಆಳುಗಳು ಬೆಳಿಗ್ಗೆಯ ಬಸ್ಸಿಗೇ ಹೋಗಿದ್ದರು. ಭೂತಗನ್ನಡಿ ಹಿತ್ತಲಿನ ಗುದ್ದಲಿ ಹಿಡಿದು ಓಡಿದ. ಅವನು ಜೀವಮಾನದಲ್ಲಿ ಹಿಡಿದ ಅತಿ ಭಾರದ ಆಯುಧ ಸ್ಟೇಪ್ಲರು. ಮೊದಲ ಏಟಿಗೆ ಗುದ್ದಲಿ ನೆಲಕ್ಕೆ ಬಿತ್ತು, ಕಾವು ಕೈಯಲ್ಲಿ ಉಳಿಯಿತು. ಮನೆಮಂದಿಯೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ಬೇರೆ ಕಡೆ ನೋಡಿದೆ. ಅಲ್ಲಿ ನನ್ನ ಹೆಂಡತಿ ನಿಂತಿದ್ದಳು.

“ಏನ್ ನೋಡ್ತಾ ನಿಂತಿದೀರಿ? ನಿಮ್ಮ ಆರು ಜನ ಲಾರಿಲಿ ಮಲಗಿದಾರಲ್ಲ” ಎಂದಳು.

“ಅವರು ಲಾರಿಗೆ ತುಂಬೋಕೆ ಬಂದವರು ಕಣೇ.”

“ಇವತ್ತು ಗುಂಡಿ ತೋಡ್ತಾರೆ.”

ನನ್ನ ವ್ಯಾಪಾರಕ್ಕೆ ನಾನೇ ಗುಂಡಿ ತೋಡಿಸಿದ ಕಥೆ ಇದು, ಮುಚ್ಚುಮರೆ ಇಲ್ಲ. ಹೋಗಿ ಆಳುಗಳನ್ನು ಎಬ್ಬಿಸಿದೆ. ಮೇಡಂ ಟ್ಯಾಂಕಿನಿಂದ ಪಶ್ಚಿಮಕ್ಕೆ ಮುನ್ನೂರ ನಲವತ್ತು ಹೆಜ್ಜೆ ಹಾಕಿ ಗೆರೆ ಎಳೆದರು. ಆರು ಜನ ಅಗೆದರು, ಏಳನೆಯವನಾಗಿ ನಾನೂ ಇಳಿದೆ. ಅಂಗಿ ಬಿಚ್ಚಿ ಅಗೆದೆ, ಸುಳ್ಳು ಯಾಕೆ.

ಸುದ್ದಿ ಹಬ್ಬಿತು. ನಿನ್ನೆ ನಕ್ಕು ಹೋದವರೆಲ್ಲ ಇಂದು ಮತ್ತೆ ನಗಲು ಬಂದರು. ಹೆಡ್‌ಮಾಸ್ತರರು ಬೆಂಚು ಕಳಿಸಲಿಲ್ಲ, ತಾವೇ ಬಂದರು. “ಸಿಗಲ್ಲ. ನಮ್ಮಲ್ಲೇ ಸಿಗಲಿಲ್ಲ, ಇನ್ನು ಇವರಲ್ಲಿ!” ಎಂದು ಘೋಷಿಸಿ ಎಲ್ಲರಿಗಿಂತ ಮುಂದೆ ನಿಂತರು.

ಮೊಣಕಾಲುದ್ದ ಅಗೆಯುವವರೆಗೂ ಕೆಂಪು ಮಣ್ಣೇ. ಆಮೇಲೆ ನನ್ನ ಆಳೊಬ್ಬ ನಿಂತ. “ಯಜಮಾನ್ರೇ, ಇಲ್ಲಿ ಮಣ್ಣು ಕಪ್ಪಗಿದೆ, ಮೆತ್ತಗಿದೆ.” ಮೇಡಂ ಗುಂಡಿಗೆ ಧುಮುಕಿದರು. ಸಣ್ಣ ಕರಣೆಯಿಂದ ಕೆರೆದರು. ಕೆಂಪು ಮಣ್ಣಿಗೂ ಕಪ್ಪು ಮಣ್ಣಿಗೂ ನಡುವೆ, ಚಾಕುವಿನಿಂದ ಕೊಯ್ದ ಹಾಗೆ, ಒಂದು ಓರೆ ಗೆರೆ ಇಳಿಯಿತು. ಆ ಕಡೆಯಿಂದಲೂ ಇನ್ನೊಂದು ಗೆರೆ ಇಳಿದು ಬಂದು ಕೆಳಗೆ ಇದನ್ನು ಕೂಡಿತು.

“ಕಂದಕ” ಎಂದರು. ದೊಡ್ಡ ದನಿಯಲ್ಲಿ ಹೇಳಲಿಲ್ಲ, ಆದರೂ ಬದುವಿನ ಮೇಲಿದ್ದವರಿಗೆಲ್ಲ ಕೇಳಿಸಿತು.

ಆಮೇಲೆ ಒಂದಾದ ಮೇಲೊಂದು ಬಂತು. ಕರಿ ಮಡಕೆಯ ಚೂರುಗಳು, ಅಂಚಿಗೆ ಉಗುರಿನಿಂದ ಒತ್ತಿದ ಸಾಲು. ಸುಟ್ಟ ಕಾಳು. ಬೂದಿಯ ಪದರ. ಕೊನೆಗೆ ಒಂದು ಅರೆಯುವ ಕಲ್ಲು, ನಡುವೆ ಸವೆದು ಹಳ್ಳವಾದದ್ದು. ಮೇಡಂ ಅದನ್ನು ಎರಡೂ ಕೈಯಲ್ಲಿ ಎತ್ತಿ ಮೇಲೆ ಕೊಟ್ಟರು. ಅತ್ತೆ ಇಸಿದುಕೊಂಡು ಸೆರಗಿನಿಂದ ಮಣ್ಣು ಒರೆಸಿದರು, ಸವೆದ ಜಾಗದಲ್ಲಿ ಅಂಗೈ ಇಟ್ಟು ನೋಡಿದರು. “ಎಡಗೈಯವಳು” ಎಂದರು. ಯಾರಿಗೂ ಅರ್ಥವಾಗಲಿಲ್ಲ. “ಇದನ್ನ ಅರೀತಿದ್ದವಳು ಎಡಗೈಯವಳು. ಸವೆದಿರೋದು ನೋಡಿ, ಈ ಕಡೆ ವಾಲಿದೆ” ಎಂದರು. ಮೇಡಂ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಭೂತಗನ್ನಡಿ ಎಲ್ಲಿ ಎಂದು ನೋಡಿದೆ. ಗುಂಡಿಯ ಒಂದು ಮೂಲೆಯಲ್ಲಿ ಕಂದಕದ ಗೋಡೆಗೆ ಅಂಗೈ ಆನಿಸಿಕೊಂಡು ಅಳುತ್ತಿದ್ದ. ಅಳುತ್ತ ನಗುತ್ತಿದ್ದ. ನಾನೂ ಬಿಚ್ಚಿಟ್ಟ ಅಂಗಿ ಎತ್ತಿಕೊಂಡು ಕಣ್ಣೊರೆಸಿಕೊಂಡೆ. ಬಿಸಿಲಿಗೆ ಹಾಗಾಗುತ್ತದೆ.

ನಗಲು ಬಂದವರು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರರು ಮಾತ್ರ ಸುಲಭಕ್ಕೆ ಸೋಲಲಿಲ್ಲ. “ಮೇಡಂ, ಈ ಉಂಗುರ ರಸ್ತೆ ಕೆಳಗಿಂದ ನುಸುಳಿ ನಮ್ಮ ಕಡೆಗೂ ಒಂದಿಷ್ಟು ಬಂದಿರಬಹುದಲ್ವಾ?” ಎಂದು ಕೇಳಿದರು. ಮಾವನವರು ಅವರ ಹೆಗಲ ಮೇಲೆ ಕೈಯಿಟ್ಟು, “ಬರದಿದ್ರೇನು ಮೇಷ್ಟ್ರೇ, ನೀವು ದಿನಾ ಬಂದು ನೋಡ್ಕೊಂಡು ಹೋಗಿ” ಎಂದರು. ಇದಕ್ಕಿಂತ ಕ್ರೂರವಾದ ಔದಾರ್ಯವನ್ನು ನಾನು ಕಂಡಿಲ್ಲ. ಹೆಡ್‌ಮಾಸ್ತರರು ದಿನಾ ಬಂದರು ಕೂಡ, ಮಾವನವರು ದಿನಾ ಚಹಾ ಕೊಟ್ಟರು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಟೆಂಡರಿನ ಪ್ರಕಾರ ನನ್ನ ಲಾರಿ ಭೂಮಾಪನ ಕಚೇರಿಯ ಮುಂದೆ ನಿಂತಿತು. ನಾನಾಗಿ ತಪ್ಪಿಸಿದೆ ಎಂಬ ಮಾತು ಬರಬಾರದಲ್ಲ. ಒಳಗೆ ಸಾಹೇಬರ ಮೇಜಿನ ಮೇಲೆ ಮಡಕೆಯ ಚೂರುಗಳ ಟ್ರೇ ಇತ್ತು. ಮೇಡಂ ನಿಂತೇ ಮಾತಾಡಿದರು.

“ಸಾರ್, ಈ ಊರು ನೆಲದ ಮೇಲೆ ಕಾಣಲ್ಲ. ಈಗ ಆ ಹೊಲಕ್ಕೆ ನೀರಿನ ಕಾಲುವೆ ಬಂದಿದೆ, ಪೈರು ಇನ್ನೆಂದೂ ಹಾಗೆ ಒಣಗಲ್ಲ. ಅದನ್ನ ತೋರಿಸೋಕೆ ಪ್ರಪಂಚದಲ್ಲಿ ಇರೋದು ಆ ಒಂದು ಫೋಟೊ. ಇಂಥವು ಇನ್ನೆಷ್ಟಿವೆಯೋ ಆ ಕೋಣೇಲಿ.”

ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು. “ಈ ಫೋಟೊಗಳನ್ನ ಜೋಪಾನ ಮಾಡಬೇಕು ಅಂತ ನಾನು ಮೊದಲಿಂದ ಹೇಳ್ತಾನೇ ಇದೀನಿ” ಎಂದರು. ಯಾರಿಗೆ ಹೇಳಿದ್ದರು ಎಂದು ಯಾರೂ ಕೇಳಲಿಲ್ಲ. ಆಮೇಲೆ ಭೂತಗನ್ನಡಿಯತ್ತ ತಿರುಗಿದರು. “ಎಲ್ಲಾ ಫೋಟೊ ನೋಡಿ ಮುಗಿಸೋಕೆ ಎಷ್ಟು ದಿನ ಬೇಕ್ರೀ?”

“ಹನ್ನೊಂದು ಸಾವಿರದ ನಾನೂರು ಸಾರ್. ನೆರಳೂ ನೋಡಬೇಕಲ್ಲ. ನಾನು ನಿವೃತ್ತಿ ಆಗೋವರೆಗೆ ಬೇಕಾಗುತ್ತೆ.”

“ಆಗಲಿ” ಎಂದು ಸಾಹೇಬರು ವಿಲೇವಾರಿಯ ಆಜ್ಞೆಯನ್ನು ಕಡತದಿಂದ ತೆಗೆದು, ನಾಲ್ಕು ಪ್ರತಿಗಳನ್ನೂ ಒಟ್ಟಿಗೆ ಹಿಡಿದು, ಎಲ್ಲರ ಮುಂದೆ ಉದ್ದಕ್ಕೂ ಅಡ್ಡಕ್ಕೂ ಹರಿದು ಮೇಜಿನ ಮೇಲೆ ಹಾಕಿದರು.

ನಾನು ಹೊರಗೆ ಬಂದು ಖಾಲಿ ಲಾರಿ ಹತ್ತಿದೆ. ಡ್ರೈವರು ಎಂಜಿನು ಚಾಲು ಮಾಡಿದ. ಅಷ್ಟರಲ್ಲಿ ಭೂತಗನ್ನಡಿ ಮೆಟ್ಟಿಲಿಳಿದು ಓಡಿ ಬಂದ, ಕಿಟಕಿಯೊಳಗೆ ಕೈ ಹಾಕಿ ನನ್ನ ಬೊಗಸೆಗೆ ಏನನ್ನೋ ಸುರಿದ. ಹರಿದ ಆಜ್ಞೆಯ ಚೂರುಗಳು.

“ಅಣ್ಣಾ, ಟೆಂಡರು ನಿಮ್ಮದು. ಲಾರಿ ಖಾಲಿ ಹೋಗಬಾರದು” ಎಂದ.

ಹದಿನೆಂಟು ವರ್ಷದಲ್ಲಿ ಅವನು ಮಾಡಿದ ಮೊದಲ ಹಾಸ್ಯ ಅದು. ಅಂಗಡಿಗೆ ಬಂದವನು ಅದನ್ನು ತಕ್ಕಡಿಗೆ ಹಾಕಿದೆ. ಮುಳ್ಳು ಅಲುಗಲಿಲ್ಲ. ಆದರೂ ನನ್ನ ಅಂಗಡಿಗೆ ಇಂದಿನವರೆಗೆ ಬಂದ ರದ್ದಿಯಲ್ಲಿ ನಾನು ಮಾರದೆ ಇಟ್ಟುಕೊಂಡಿರುವುದು ಅದೊಂದನ್ನೇ.